ದೂರವಾಣಿಯ ಭೂಪಟದಲ್ಲಿ ನಾಲ್ಕು ತಾಲೂಕುಗಳು

ಇಂಡಿಯ ಎಸ್‌ಟಿಡಿ ಸಂಕೇತ 08359. ಬಸವನ ಬಾಗೇವಾಡಿಯದು 08358, ಮುದ್ದೇಬಿಹಾಳದ್ದು 08356. ಸಿಂದಗಿಗೆ ಬಂದರೆ ಸಂಖ್ಯೆ ಒಮ್ಮೆಲೇ ಜಿಗಿದು 08488 ಆಗುತ್ತದೆ. ಮೊದಲ ಮೂರೂ ಜಿಲ್ಲಾ ಕೇಂದ್ರವಾದ ವಿಜಯಪುರದ 08352ರ ಒಡಹುಟ್ಟುಗಳು. ಸಿಂದಗಿ ಮಾತ್ರ 08482 ಸಂಕೇತದ ಬೀದರಿನ ಸಾಲಿಗೆ ಹೋಗಿ ಕುಳಿತಿದೆ. ಕಂದಾಯ ಇಲಾಖೆಯಲ್ಲಿ ಸೇವಾವಧಿಯ ಒಂದು ಭಾಗವನ್ನು ಆ ಜಿಲ್ಲೆಯಲ್ಲಿ ಕಳೆದ ನನಗೆ ಈ ಭೇದ ಬಹುಕಾಲ ಕುತೂಹಲ ಹುಟ್ಟಿಸಿತ್ತು. ಒಂದು ದಿನ ಬೆರಳೆಣಿಸಿ ನೋಡಿದೆ. 1997ರಲ್ಲಿ ಬಾಗಲಕೋಟೆ ಪ್ರತ್ಯೇಕವಾಗುವ ಮೊದಲು ಬಿಜಾಪುರ ಜಿಲ್ಲೆಯಲ್ಲಿ ಹನ್ನೊಂದು ತಾಲೂಕುಗಳಿದ್ದವು. 0835ರ ಮುಂದೆ ಬರೆಯಬಹುದಾದ ಅಂಕಿಗಳಾದರೋ ಸೊನ್ನೆಯಿಂದ ಒಂಬತ್ತರವರೆಗೆ ಹತ್ತೇ. ಮಣೆ ಹತ್ತು, ಜನ ಹನ್ನೊಂದು ಎಂದಾಗ ಯಾರಾದರೂ ಪಕ್ಕದ ಪಂಕ್ತಿಗೆ ಹೋಗಲೇಬೇಕು.

ಈ ಅಂಕಿಗಳು ಬರಿಯ ಗುರುತುಗಳಲ್ಲ, ಯಂತ್ರಕ್ಕೆ ಕೊಡುವ ಆಜ್ಞೆಗಳು. ಮೊದಲಿನ ಸೊನ್ನೆ, ಇದು ಊರೊಳಗಿನ ಕರೆಯಲ್ಲ, ಹೊರಮಾರ್ಗಕ್ಕೆ ಒಪ್ಪಿಸು ಎನ್ನುತ್ತದೆ. ಎಂಟು ಕರ್ನಾಟಕ ಮತ್ತು ಅವಿಭಜಿತ ಆಂಧ್ರಪ್ರದೇಶದ ದಿಕ್ಕನ್ನು ತೋರುತ್ತದೆ. ಮುಂದಿನ ಪ್ರತಿಯೊಂದು ಅಂಕಿಯೂ ಒಂದೊಂದು ಕವಲಿನಲ್ಲಿ ಕರೆಯನ್ನು ತಿರುಗಿಸುತ್ತ ಕೊನೆಗೆ ಒಂದು ಮನೆಯ ಗಂಟೆಯನ್ನು ಬಾರಿಸುತ್ತದೆ. ಸೊನ್ನೆಯನ್ನು ಬಿಟ್ಟರೆ ಒಟ್ಟು ಹತ್ತು ಅಂಕಿ. ಬೆಂಗಳೂರಿಗರು ಅದರಲ್ಲಿ ಎರಡನ್ನು ಊರಿಗೂ ಎಂಟನ್ನು ಮನೆಗೂ ಬಳಸಿದರೆ, ಇಂಡಿಯವರು ನಾಲ್ಕನ್ನು ಊರಿಗೆ ಕೊಟ್ಟು ಆರನ್ನು ಮನೆಗೆ ಉಳಿಸಿಕೊಳ್ಳುತ್ತಾರೆ. ಊರು ಚಿಕ್ಕದಾದಷ್ಟೂ ಅದನ್ನು ಹುಡುಕಲು ಹೆಚ್ಚು ಅಂಕಿ ಬೇಕು ಎಂಬುದು ಇದರ ಹಿಂದಿನ ಸರಳ ತರ್ಕ.

ದೂರವಾಣಿ ಇಲಾಖೆ ದೇಶವನ್ನು ಹೀಗೆ ಸುಮಾರು 2,600 ಅಲ್ಪದೂರ ಶುಲ್ಕ ವಲಯಗಳಾಗಿ ಹಂಚಿತ್ತು. ವಲಯದೊಳಗೆ ಮಾತನಾಡಿದರೆ ಸ್ಥಳೀಯ ದರ. ಗಡಿ ದಾಟಿದರೆ ದೂರಕ್ಕೆ ತಕ್ಕಂತೆ ಮೀಟರು ಓಡುತ್ತಿತ್ತು. ಬೆಂಗಳೂರಿನ ಯಲಹಂಕದಿಂದ ಕೆಂಗೇರಿಗೆ ಮಾತನಾಡಿದವನಿಗೆ ಒಂದು ಲೆಕ್ಕವಾದರೆ, ಮುದ್ದೇಬಿಹಾಳದಿಂದ ತನ್ನದೇ ಜಿಲ್ಲಾ ಕೇಂದ್ರದೊಡನೆ ಮಾತನಾಡಿದವನಿಗೆ ಮತ್ತೊಂದು. ಹೆಚ್ಚು ಜನರಿರುವಲ್ಲಿ ಅಗ್ಗ, ವಿರಳವಾಗಿರುವಲ್ಲಿ ದುಬಾರಿ. ಕಚೇರಿ, ಆಸ್ಪತ್ರೆ, ಮಾರುಕಟ್ಟೆಗಳೆಲ್ಲ ಊರಿನ ಹೊರಗೇ ಇರುವವರಿಗೆ ದೂರವಾಣಿ ಹೆಚ್ಚು ಅವಶ್ಯಕ. ಹೆಚ್ಚು ಬೆಲೆ ತೆರುತ್ತಿದ್ದವರೂ ಅವರೇ. ಅರ್ಥಶಾಸ್ತ್ರ ಓದಿದವನಿಗೆ ಇದು ಕಣ್ಣಿಗೆ ಬೀಳದೆ ಇರುವುದು ಕಷ್ಟ.

ಧಾರವಾಡದಲ್ಲಿ ಎಂ.ಎ. ಮುಗಿಸಿ ಸೇವೆಗೆ ಸೇರಿದ ನಾನು 1980ರ ದಶಕದ ಉತ್ತರಾರ್ಧದಲ್ಲಿ ಈ ತಾಲೂಕುಗಳನ್ನು ಕಂಡೆ. ಇಂಡಿಗೆ ರೈಲುನಿಲ್ದಾಣವುಂಟು, ಆದರೆ ಅದು ಊರಿನಿಂದ ಹಲವು ಕಿಲೋಮೀಟರ್ ದೂರದ ಇಂಡಿ ರೋಡ್. ಬಸವನ ಬಾಗೇವಾಡಿಯ ಕಥೆಯೂ ಅದೇ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ರೈಲು ಇಂದಿಗೂ ಬಂದಿಲ್ಲ. 1880ರ ದಶಕದಲ್ಲಿ ಹೋಟಗಿಯಿಂದ ಗದಗಕ್ಕೆ ಹಳಿ ಹಾಕಿದವರು ಅದರ ಪಕ್ಕದಲ್ಲೇ ತಂತಿಕಂಬಗಳನ್ನೂ ನೆಟ್ಟರು. ಹಳಿಯಿಂದ ದೂರ ಉಳಿದವರು ಸುದ್ದಿಯಿಂದಲೂ ದೂರ ಉಳಿದರು. 1882ರ ಜನವರಿಯಲ್ಲಿಯೇ ಕೋಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ತೆರೆದಿದ್ದವು. ಅಮೆರಿಕದಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೆ 1876ರ ಮಾರ್ಚ್‌ನಲ್ಲಿ ಪೇಟೆಂಟ್ ಸಿಕ್ಕು ಆರು ವರ್ಷವಷ್ಟೇ ಆಗಿತ್ತು. ಅಂಥ ದೇಶದಲ್ಲಿ ನೂರು ವರ್ಷದ ನಂತರವೂ ನೂರು ಜನರಿಗೆ ಅರ್ಧ ಫೋನು ಕೂಡ ಇರಲಿಲ್ಲ ಎಂಬುದು ತಂತ್ರಜ್ಞಾನದ ದೋಷವಲ್ಲ.

ತಹಶೀಲ್ದಾರರ ಮೇಜಿನ ಮೇಲೆ ಒಂದು ಕಪ್ಪು ಫೋನು ಇರುತ್ತಿತ್ತು. ಹೊರಗಿನ ಊರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ಶ್ರೇಣಿ. ಲೈಟ್ನಿಂಗ್ ಎಂದರೆ ಸಾಮಾನ್ಯ ದರದ ಹಲವು ಪಟ್ಟು. ಭೀಮಾ ನದಿಯಲ್ಲಿ ನೀರು ಏರುತ್ತಿದ್ದ ಒಂದು ಮಳೆಗಾಲದ ಸಂಜೆ, ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ತಿಳಿಯಲು ಸೊಲ್ಲಾಪುರಕ್ಕೆ ಅರ್ಜೆಂಟ್ ಕರೆ ಬುಕ್ ಮಾಡಿ ಕುಳಿತೆ. ಅರ್ಧ ಗಂಟೆಗೊಮ್ಮೆ ಎಕ್ಸ್‌ಚೇಂಜಿನಿಂದ ಒಂದೇ ಉತ್ತರ: “ಲೈನ್ ಸಿಗವಲ್ದ್ರೀ ಸಾಹೇಬ್ರ, ಹಚ್ಚಾಕತ್ತೀನಿ.” ಕೊನೆಗೆ ಪೊಲೀಸರ ವೈರ್‌ಲೆಸ್ ಮೂಲಕ ಬಿಜಾಪುರಕ್ಕೆ ತಿಳಿಸಿ, ಅಲ್ಲಿಂದ ಸುತ್ತು ಹಾಕಿ ಉತ್ತರ ಬರುವಷ್ಟರಲ್ಲಿ ನದಿಯೇ ದಂಡೆಯ ಊರುಗಳಿಗೆ ಬಂದು ಸುದ್ದಿ ಹೇಳಿತ್ತು. ಜನರನ್ನು ಹೊತ್ತಿಗೆ ಮುಂಚೆ ಗ್ರಾಮಸ್ಥರೇ ಎತ್ತರದ ಗುಡಿಗೆ ಸಾಗಿಸಿದ್ದರಿಂದ ಪ್ರಾಣಹಾನಿ ತಪ್ಪಿತು.

ಅಂದಹಾಗೆ, ಆ ಸೀಮೆಯಲ್ಲಿ ಫೋನ್ ‘ಮಾಡುವುದಿಲ್ಲ’, ಫೋನ್ ‘ಹಚ್ಚುತ್ತಾರೆ’, ದೀಪ ಹಚ್ಚಿದ ಹಾಗೆ. ಹಳೆಯ ಮೈಸೂರಿನ ನನ್ನ ಸಹೋದ್ಯೋಗಿಯೊಬ್ಬರಿಗೆ ಇದು ವಿಚಿತ್ರವಾಗಿ ಕೇಳುತ್ತಿತ್ತು. ಹತ್ತು ಸಲ ಗೀರಿದರೂ ಹೊತ್ತದ ಆ ಕಾಲದ ಫೋನಿಗೆ ಇದಕ್ಕಿಂತ ಒಪ್ಪುವ ಕ್ರಿಯಾಪದ ನನಗಂತೂ ಹೊಳೆಯುವುದಿಲ್ಲ.

ಆ ಸಂಜೆಯ ವಿಳಂಬಕ್ಕೆ ಪಾಪದ ಆಪರೇಟರನ್ನು ಬೈದು ಪ್ರಯೋಜನವಿರಲಿಲ್ಲ. ಕಾರಣ ಎರಡು. ಒಂದು ಭೌತಶಾಸ್ತ್ರದ್ದು. ಬಾಯಿಯ ಬಳಿಯ ಡಬ್ಬಿಯಲ್ಲಿ ಇಂಗಾಲದ ಹರಳುಗಳಿರುತ್ತಿದ್ದವು. ಧ್ವನಿಯ ಒತ್ತಡಕ್ಕೆ ಅವು ಒತ್ತೊತ್ತಾದಾಗ ವಿದ್ಯುತ್ತಿಗೆ ದಾರಿ ಸುಗಮ, ಸಡಿಲಾದಾಗ ದುರ್ಗಮ. ಹೀಗೆ ಧ್ವನಿಯ ಏರಿಳಿತವೇ ವಿದ್ಯುತ್ತಿನ ಏರಿಳಿತವಾಗಿ ತಂತಿಯಲ್ಲಿ ಹರಿದು, ಆಚೆ ಬದಿಯ ಕಾಂತದ ಮುಂದಿನ ತೆಳುಫಲಕವನ್ನು ಕಂಪಿಸಿ ಮತ್ತೆ ಧ್ವನಿಯಾಗುತ್ತದೆ. ಮನುಷ್ಯನ ಮಾತು ಅರ್ಥವಾಗಲು 300ರಿಂದ 3,400 ಹರ್ಟ್ಸ್‌ವರೆಗಿನ ಕಂಪನಗಳು ಸಾಕೆಂದು ಎಂಜಿನಿಯರುಗಳು ನಿಶ್ಚಯಿಸಿದ್ದರು. ದೂರ ಹೆಚ್ಚಿದಂತೆ ತಂತಿ ಈ ಕ್ಷೀಣ ವಿದ್ಯುತ್ತನ್ನು ನುಂಗುತ್ತದೆ. ಕಂಬದ ಮೇಲಿನ ಬರಿತಂತಿಗೆ ಮಳೆಯಲ್ಲಿ ಸೋರಿಕೆ, ಗಾಳಿಯಲ್ಲಿ ತಾಕಾಟ. ತಾಮ್ರವಾದರೆ ಕಳ್ಳರ ಕಾಟ ಬೇರೆ. ಡೋಣಿ ನದಿಯ ಆಚೀಚೆಗಿನ ಎರೆಭೂಮಿ ಜೋಳಕ್ಕೆ ಎಷ್ಟು ಉದಾರಿಯೋ ಕಂಬಕ್ಕೆ ಅಷ್ಟೇ ನಿರ್ದಯಿ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ನೆಟ್ಟ ಕಂಬವನ್ನು ವಾಲಿಸುತ್ತದೆ. ನೆಲದೊಳಗಿನ ಕೇಬಲ್ಲಿನ ಜೋಡಣೆಗಳನ್ನು ಎಳೆದು ಸಡಿಲಿಸುತ್ತದೆ. ಬೆಂಗಳೂರಿನ ಕೆಂಪುಮಣ್ಣಿನಲ್ಲಿ ನಿಂತು ಬರೆದ ಅಂದಾಜುಪಟ್ಟಿಗಳಿಗೆ ಇದು ಗೊತ್ತಿರುತ್ತಿರಲಿಲ್ಲ.

ಎರಡನೆಯ ಕಾರಣ ಗಣಿತದ್ದು. ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಮುಖ್ಯ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎ.ಕೆ. ಎರ್ಲಾಂಗ್ ಎಂಬ ಡೆನ್ಮಾರ್ಕಿನ ಗಣಿತಜ್ಞ 1917ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದ. ಇಷ್ಟು ಮಾರ್ಗಗಳಿವೆ, ಇಷ್ಟು ಮಾತು ಬರುತ್ತಿದೆ ಎಂದಾದರೆ ಎಷ್ಟು ಕರೆಗಳಿಗೆ ದಾರಿ ಸಿಗದೆ ಹೋಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಎರಡು ಮಾರ್ಗಗಳನ್ನು ಸರಾಸರಿಯಲ್ಲಿ ಪೂರ್ತಿ ತುಂಬಿಸುವಷ್ಟು ಮಾತಿದ್ದು, ಇರುವ ಮಾರ್ಗವೂ ಎರಡೇ ಆದರೆ, ನೂರರಲ್ಲಿ 40 ಕರೆ ವಿಫಲ. ಅದೇ ಪ್ರಮಾಣದಲ್ಲಿ ಹತ್ತು ಮಾರ್ಗ, ಹತ್ತು ಮಾರ್ಗದಷ್ಟು ಮಾತು ಎಂದಿಟ್ಟುಕೊಳ್ಳಿ. ವಿಫಲವಾಗುವುದು ಸುಮಾರು 21 ಮಾತ್ರ. ತಲಾ ಮಾರ್ಗಕ್ಕೆ ಹೊರೆ ಒಂದೇ, ಫಲ ಮಾತ್ರ ಬೇರೆ. ದೊಡ್ಡ ಊರಿಗೆ ಅದರ ದೊಡ್ಡತನವೇ ರಿಯಾಯಿತಿ ಕೊಡುತ್ತದೆ. ಸಣ್ಣ ಊರಿಗೆ ಜನಸಂಖ್ಯೆಗೆ ತಕ್ಕಷ್ಟು ಮಾರ್ಗ ಕೊಟ್ಟರೆ ಅದು ಸಮಾನತೆಯಂತೆ ಕಾಣುತ್ತದೆ, ವಾಸ್ತವದಲ್ಲಿ ಅನ್ಯಾಯ. ಇಂಡಿಗೆ ಬೆಂಗಳೂರಿನಷ್ಟೇ ಸೇವೆ ಬೇಕಾದರೆ ಅದರ ಪಾಲಿಗಿಂತ ಹೆಚ್ಚು ಮಾರ್ಗ ಬೇಕು. ಎರಡು ಮಾರ್ಗದಷ್ಟು ಮಾತಿಗೆ ನಾಲ್ಕು ಮಾರ್ಗ ಕೊಟ್ಟುನೋಡಿ. ವಿಫಲ ಕರೆಗಳು ನೂರಕ್ಕೆ ಹತ್ತಕ್ಕಿಂತ ಕೆಳಗಿಳಿಯುತ್ತವೆ. ಪ್ರವಾಹದ ಸಂಜೆ ಎಲ್ಲರೂ ಒಟ್ಟಿಗೆ ಫೋನ್ ಹಚ್ಚುವಾಗ ಲೆಕ್ಕ ಇನ್ನಷ್ಟು ಕೆಡುತ್ತದೆ. ತಾಲೂಕು ಮಟ್ಟದ ಯೋಜನೆಗಳನ್ನು ತಲಾವಾರು ಅಂಕಿಯಲ್ಲೇ ಅಳೆಯುವ ನಮ್ಮ ಅಧಿಕಾರಿವರ್ಗಕ್ಕೆ, ನನ್ನ ಕಾಲದಲ್ಲಂತೂ, ಈ ಸೂತ್ರವನ್ನು ಯಾರೂ ಕಲಿಸಿರಲಿಲ್ಲ.

ಆಪರೇಟರನ್ನು ನಡುವಿನಿಂದ ತೆಗೆಯುವ ಪ್ರಯತ್ನಕ್ಕೆ ಅಮೆರಿಕದಲ್ಲಿ ದೀರ್ಘ ಇತಿಹಾಸವಿದೆ. ಕ್ಯಾನ್ಸಸ್ ನಗರದಲ್ಲಿ ಶವಸಂಸ್ಕಾರದ ಉದ್ಯಮ ನಡೆಸುತ್ತಿದ್ದ ಆಲ್ಮನ್ ಸ್ಟ್ರೌಜರ್, ತನಗೆ ಬರಬೇಕಾದ ಕರೆಗಳನ್ನು ಆಪರೇಟರು ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾಳೆಂಬ ಅನುಮಾನದಿಂದ ಸ್ವಯಂಚಾಲಿತ ಯಂತ್ರವನ್ನೇ ರೂಪಿಸಿ 1891ರಲ್ಲಿ ಪೇಟೆಂಟ್ ಪಡೆದ. ಡಯಲಿನಲ್ಲಿ ಮೂರನ್ನು ತಿರುಗಿಸಿದರೆ ವಿದ್ಯುತ್ತು ಮೂರು ಬಾರಿ ಕಡಿಯುತ್ತದೆ, ಎಕ್ಸ್‌ಚೇಂಜಿನ ಕೈ ಮೂರು ಮೆಟ್ಟಿಲು ಹತ್ತುತ್ತದೆ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಟಿಐ ಕಾರ್ಖಾನೆ ತಯಾರಿಸಿದ್ದೂ ಈ ಸ್ಟ್ರೌಜರ್ ಯಂತ್ರಗಳನ್ನೇ. ದೂರವಾಣಿನಗರವೆಂಬ ಹೆಸರು ಇಂದಿಗೂ ಅದರ ಕುರುಹಾಗಿದೆ. ನಂತರ ಬಂದ ಕ್ರಾಸ್‌ಬಾರ್ ಯಂತ್ರಗಳು ಯುರೋಪಿನ ಲೆಕ್ಕದವು. ಅಲ್ಲಿ ಮನೆಗೊಂದು ಫೋನು, ದಿನಕ್ಕೆ ನಾಲ್ಕಾರು ಕರೆ. ಇಲ್ಲಿ ಒಂದು ಫೋನಿಗೆ ಒಂದು ಓಣಿಯೇ ಪಾಲುದಾರ. ಆ ಭಾರಕ್ಕೆ ಯಂತ್ರಗಳು ಬಸವಳಿದದ್ದು ಸಹಜವೇ.

ಈ ಹಿನ್ನೆಲೆಯಲ್ಲಿ 1984ರ ಆಗಸ್ಟಿನಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯ ಸಾಧನೆಯನ್ನು ನೋಡಬೇಕು. ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆ, ಜಿ.ಬಿ. ಮೀಮಾಂಸಿ ಅವರ ನಾಯಕತ್ವ, 36 ತಿಂಗಳ ಗಡುವು, 36 ಕೋಟಿ ರೂಪಾಯಿ. ಮಹಾನಗರಗಳಿಗೆ ಫ್ರಾನ್ಸಿನ ದೊಡ್ಡ ಡಿಜಿಟಲ್ ಎಕ್ಸ್‌ಚೇಂಜುಗಳು ಬರುತ್ತಿದ್ದ ಕಾಲದಲ್ಲಿ ಇವರು ಗ್ರಾಮಗಳಿಗೆಂದೇ 128 ಪೋರ್ಟುಗಳ ಪುಟ್ಟ ಯಂತ್ರವೊಂದನ್ನು ರೂಪಿಸಿದರು. ಅದರ ಹೆಗ್ಗಳಿಕೆ ವೇಗವಲ್ಲ, ಸಹನೆ. ಹವಾನಿಯಂತ್ರಣ ಬೇಡ, ಧೂಳಿಗೂ ಬಿಸಿಲಿಗೂ ಅಂಜುವುದಿಲ್ಲ. ಮೇ ತಿಂಗಳ ಬಿಜಾಪುರದ ಬಿಸಿಲನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಯಂತ್ರ 1986ರ ಜುಲೈನಲ್ಲಿ ಸ್ಥಾಪನೆಯಾದದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ದೇಶದ ದೂರವಾಣಿ ಇತಿಹಾಸದ ಈ ಪುಟ ಉತ್ತರ ಕರ್ನಾಟಕದ್ದು ಎಂಬುದನ್ನು ಬೆಂಗಳೂರನ್ನು ‘ಸಿಲಿಕಾನ್ ಕಣಿವೆ’ ಎಂದು ಕೊಂಡಾಡುವವರು ನೆನೆಯುವುದು ಅಪರೂಪ.

ಡಿಜಿಟಲ್ ಎಂದರೆ ಏನಾಯಿತು? ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನೂ ಎಂಟು ಬಿಟ್‌ಗಳ ಸಂಖ್ಯೆಯಾಗಿ ಬರೆಯುವುದು. ಸೆಕೆಂಡಿಗೆ 64,000 ಬಿಟ್. ಸಂಖ್ಯೆಗೆ ದೂರದ ದಣಿವಿಲ್ಲ. ದಾರಿಯಲ್ಲಿ ಮಸುಕಾದರೆ ಮತ್ತೆ ಸ್ವಚ್ಛವಾಗಿ ಬರೆಯಬಹುದು. ಒಂದೇ ಮಾರ್ಗದಲ್ಲಿ ಮೂವತ್ತು ಸಂಭಾಷಣೆಗಳನ್ನು ಕಾಲದ ಚೂರುಗಳಾಗಿ ಹೆಣೆದು ಕಳಿಸಬಹುದು. ಎರ್ಲಾಂಗನ ಲೆಕ್ಕದಲ್ಲಿ ಸಣ್ಣ ಊರಿಗೆ ಬೇಕಿದ್ದ ಹೆಚ್ಚುವರಿ ಮಾರ್ಗಗಳು ಕೈಗೆಟುಕುವ ಬೆಲೆಗೆ ಬಂದದ್ದು ಆಗ.

1990ರ ದಶಕದಲ್ಲಿ ತಾಲೂಕು ಬಸ್‌ನಿಲ್ದಾಣಗಳ ಎದುರು ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ತಲೆಯೆತ್ತಿದವು. ಗಾಜಿನ ಗೂಡು, ಕೆಂಪು ಅಂಕಿಗಳಲ್ಲಿ ಓಡುವ ದುಡ್ಡು, ಕಿರ್ರೆಂದು ಹೊರಬರುವ ಚೀಟಿ. ರಾತ್ರಿ ಹನ್ನೊಂದರ ನಂತರ ಕಾಲು ದರ. ಆ ಹೊತ್ತಿನಲ್ಲಿ ಸಿಂದಗಿಯ ಬೂತಿನ ಮುಂದೆ ನಿಂತಿರುತ್ತಿದ್ದವರು ವರ್ತಕರಲ್ಲ, ಹೆಂಗಸರು ಮತ್ತು ಮುದುಕರು. ಈ ನಾಲ್ಕೂ ತಾಲೂಕುಗಳಿಂದ ಗೋವಾ, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ಪರಂಪರೆ ಹಳೆಯದು. ಮಗ ಕೆಲಸ ಮಾಡುವ ಜಾಗದ ಪಕ್ಕದ ಅಂಗಡಿಯ ನಂಬರನ್ನು ‘ಪಿ.ಪಿ. ನಂಬರ್’ ಎಂದು ಚೀಟಿಯಲ್ಲಿ ಬರೆದು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಅಂಗಡಿಯವ ಕರೆಯಲು ಹೋದ ಅಷ್ಟೂ ಹೊತ್ತು ಮೀಟರು ಓಡುತ್ತಿರುತ್ತದೆ. ಆದ್ದರಿಂದ ಫೋನಿಟ್ಟು ಹತ್ತು ನಿಮಿಷ ಬಿಟ್ಟು ಮತ್ತೆ ಹಚ್ಚುವುದು. ಬೂತಿನವನು ಅದನ್ನು ಹೇಳಿಕೊಡುತ್ತಿದ್ದ: “ಈಗ ಇಡ್ರಿ ಅಜ್ಜಿ, ಅವ ಬರೂತನ ರೊಕ್ಕ ಯಾಕ ಕಳೀತೀರಿ?” ಮಾಹಿತಿಯ ಬೆಲೆ ಎಂಬ ಅರ್ಥಶಾಸ್ತ್ರದ ಅಧ್ಯಾಯವನ್ನು ನಾನು ಪುಸ್ತಕದಲ್ಲಿ ಓದಿದ್ದಕ್ಕಿಂತ ಅಲ್ಲಿ ಕಂಡದ್ದು ಹೆಚ್ಚು.

ಬೂತುಗಳು ತಾಲೂಕು ಕೇಂದ್ರಗಳನ್ನು ಮುಟ್ಟಿದವು. ಹಳ್ಳಿಗಳಿಗೆ ಸರ್ಕಾರ ಆರಿಸಿಕೊಂಡದ್ದು ಮಾರ್ ಎಂಬ ರೇಡಿಯೊ ವ್ಯವಸ್ಥೆಯನ್ನು. ಎಲ್ಲ ಹಳ್ಳಿಗಳಿಗೂ 1997ರೊಳಗೆ ಫೋನು ಎಂದು 1994ರ ರಾಷ್ಟ್ರೀಯ ದೂರಸಂಪರ್ಕ ನೀತಿ ಸಾರಿತ್ತು. ತಂತಿ ಎಳೆಯುವುದು ದುಬಾರಿ ಎಂದು ಒಂದು ಗೋಪುರದಿಂದ ಹತ್ತಾರು ಹಳ್ಳಿಗಳಿಗೆ ರೇಡಿಯೊ ಮೂಲಕ ಸಂಪರ್ಕ. ಅದರ ಒಂದು ಮಾದರಿಯಲ್ಲಿ ಹದಿನೈದು ಹಳ್ಳಿಗಳಿಗೆ ಎರಡೇ ಚಾನೆಲ್. ಸೌರಫಲಕ, ಬ್ಯಾಟರಿ, ಕಂಬದ ಮೇಲೊಂದು ಆಂಟೆನಾ, ಪಂಚಾಯಿತಿ ಸದಸ್ಯರ ಮನೆಯಲ್ಲಿ ಫೋನು. ಬ್ಯಾಟರಿ ಸತ್ತಿತು, ಬಿಡಿಭಾಗ ಬರಲಿಲ್ಲ, ಫೋನಿನ ಮೇಲೆ ಕಸೂತಿಯ ಬಟ್ಟೆ ಬಂತು. ವರದಿಯಲ್ಲಿ ಮಾತ್ರ ಆ ಗ್ರಾಮ ‘ಸಂಪರ್ಕ ಹೊಂದಿದ ಗ್ರಾಮ’. ತ್ರೈಮಾಸಿಕ ಪರಿಶೀಲನಾ ಸಭೆಗಳಲ್ಲಿ ಎಷ್ಟು ಹಳ್ಳಿಗೆ ಫೋನು ಹಾಕಲಾಯಿತು ಎಂಬ ಅಂಕಣವಿರುತ್ತಿತ್ತು. ಎಷ್ಟು ಫೋನು ಈ ವಾರ ಮಾತನಾಡಿದವು ಎಂಬ ಅಂಕಣವಿರಲಿಲ್ಲ. ಮುಂದೆ ಸಾರ್ವತ್ರಿಕ ಸೇವಾ ನಿಧಿಯ ಹಣದಿಂದ ದೇಶದಾದ್ಯಂತ 1.8 ಲಕ್ಷಕ್ಕೂ ಹೆಚ್ಚು ಇಂಥ ಫೋನುಗಳನ್ನು ಕಿತ್ತು ಬೇರೆ ತಂತ್ರಜ್ಞಾನದಿಂದ ಬದಲಿಸುವ ಕಾರ್ಯಕ್ರಮವನ್ನೇ ಹಾಕಿಕೊಳ್ಳಬೇಕಾಯಿತು.

ಅಷ್ಟರಲ್ಲಿ ಮೊಬೈಲು ಬಂದಿತ್ತು. 1995ರ ಜುಲೈ 31ರಂದು ಕೋಲ್ಕತ್ತದಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸುಖ್ ರಾಮ್ ಅವರಿಗೆ ಮಾಡಿದ ಕರೆಯಿಂದ ಅದರ ಆರಂಭ. ಆದರೆ ಅದು ಶ್ರೀಮಂತರ ಕಿಸೆಯಿಂದ ಕೂಲಿಯವನ ಕಿಸೆಗೆ ಇಳಿದದ್ದು 2003ರಲ್ಲಿ ಒಳಬರುವ ಕರೆ ಉಚಿತವಾದ ನಂತರ. ತಂತ್ರದ ದೃಷ್ಟಿಯಿಂದ ಮೊಬೈಲಿನಲ್ಲಿ ನಾವು ಕೇಳುವುದು ಮಾತನಾಡಿದವನ ಧ್ವನಿಯನ್ನಲ್ಲ, ಆ ಧ್ವನಿಯ ವರ್ಣನೆಯನ್ನು. ಗಂಟಲು, ಬಾಯಿಗಳ ಆಕಾರವನ್ನು ಗಣಿತದ ಮೂಲಕ ಊಹಿಸಿ, ಕೆಲವೇ ಸಂಖ್ಯೆಗಳನ್ನು ಕಳಿಸುವುದು. ಆಚೆ ಕಡೆಯ ಯಂತ್ರ ಅದರಿಂದ ಧ್ವನಿಯನ್ನು ಪುನಃ ಕಟ್ಟುವುದು. 64,000 ಬಿಟ್‌ಗಳ ಕೆಲಸ ಜಿಎಸ್‌ಎಂನಲ್ಲಿ 13,000 ಬಿಟ್‌ಗಳಲ್ಲಿ ಮುಗಿಯಿತು. ಈ ವಿದ್ಯೆಗೆ ತಳಪಾಯ ಹಾಕಿದವರಲ್ಲಿ ಪ್ರಮುಖರಾದ ಬಿಷ್ಣು ಅತಲ್, ಬೆಲ್ ಪ್ರಯೋಗಾಲಯಕ್ಕೆ ಹೋಗುವ ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಲ್ಲಿಯೇ ಧ್ವನಿವಿಜ್ಞಾನ ಕಲಿಸಿದವರು.

ಮೊಬೈಲಿನಿಂದ ರೈತನಿಗೆ ಏನು ದಕ್ಕಿತು? ಅರ್ಥಶಾಸ್ತ್ರಜ್ಞರು ಇಲ್ಲಿ ಸಾಮಾನ್ಯವಾಗಿ ರಾಬರ್ಟ್ ಜೆನ್ಸನ್ ಅವರ 2007ರ ಅಧ್ಯಯನವನ್ನು ಉದಾಹರಿಸುತ್ತಾರೆ. ಕಾಸರಗೋಡು, ಕಣ್ಣೂರು, ಕೋಯಿಕ್ಕೋಡು ಜಿಲ್ಲೆಗಳ ಕರಾವಳಿಗೆ ಮೊಬೈಲು ಬಂದಾಗ, ಬೂತಾಯಿ ಹಿಡಿಯುವ ಬೆಸ್ತರು ದೋಣಿಯಿಂದಲೇ ಯಾವ ದಂಡೆಯಲ್ಲಿ ಬೆಲೆ ಇದೆ ಎಂದು ವಿಚಾರಿಸತೊಡಗಿದರು. ಊರಿಂದೂರಿಗೆ ಇದ್ದ ಬೆಲೆಯ ಅಂತರ ಕುಗ್ಗಿತು, ಸಮುದ್ರಕ್ಕೆ ಚೆಲ್ಲುವ ಮೀನು ನಿಂತಿತು, ಬೆಸ್ತರ ಲಾಭ ಸುಮಾರು 8 ಶೇಕಡ ಏರಿತು, ಕೊಳ್ಳುವವರಿಗೂ ಬೆಲೆ 4 ಶೇಕಡ ಇಳಿಯಿತು. ಸೊಗಸಾದ ಫಲಿತಾಂಶ. ಆದರೆ ಇದನ್ನು ಇಂಡಿಯ ಲಿಂಬೆಗೆ ಹಾಗೆಯೇ ಅನ್ವಯಿಸಲು ನಾನು ಒಪ್ಪುವುದಿಲ್ಲ. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಆ ಲಿಂಬೆಯೂ ಮೀನಿನಂತೆ ಬೇಗ ಕೆಡುವ ಪದಾರ್ಥವೇ. ಸೊಲ್ಲಾಪುರದ, ಹೈದರಾಬಾದಿನ ಧಾರಣೆ ಈಗ ಬೆಳೆಗಾರನ ಅಂಗೈಯಲ್ಲಿದೆ. ಆದರೆ ಗಿಡಕ್ಕೆ ನೀರು ಹಾಯಿಸಲು ಯಾವ ದಲಾಲಿಯಿಂದ ಮುಂಗಡ ತಂದಿದ್ದಾನೋ ಅವನ ಅಂಗಡಿಗೇ ಮಾಲು ಹಾಕಬೇಕಾದವನು ಬೇರೆ ಪೇಟೆಯ ಧಾರಣೆ ತಿಳಿದು ಮಾಡುವುದೇನು? ಬೆಸ್ತನ ದೋಣಿ ಯಾವ ದಂಡೆಗಾದರೂ ತಿರುಗಬಹುದು. ಸಾಲಗಾರನ ಚಕ್ಕಡಿ ತಿರುಗುವುದಿಲ್ಲ. ಫೋನು ಬೆಲೆಯನ್ನು ತಿಳಿಸುತ್ತದೆ, ಬಡ್ಡಿಯನ್ನು ಇಳಿಸುವುದಿಲ್ಲ.

ಕೂಲಿಗಾಗಿ ದೂರ ಹೋದವರ ಮನೆಗಳಿಗೆ ಮಾತ್ರ ಅದು ನಿಜವಾದ ವರ. ತಂದೆ ಸತ್ತ ಸುದ್ದಿ ತಂತಿಯಲ್ಲಿ ಹೋಗಿ, ಮಗ ಬರುವಷ್ಟರಲ್ಲಿ ಮಣ್ಣು ಮುಗಿದಿರುತ್ತಿದ್ದ ಮನೆಗಳನ್ನು ನಾನು ಕಂಡಿದ್ದೇನೆ. ಆ ತಂತಿ ಸೇವೆಯೂ 2013ರ ಜುಲೈನಲ್ಲಿ ಕೊನೆಗೊಂಡಿತು. ಬೂತುಗಳು ಅದಕ್ಕೂ ಮೊದಲೇ ಜೆರಾಕ್ಸ್ ಅಂಗಡಿಗಳಾಗಿ, ಮೊಬೈಲ್ ರೀಚಾರ್ಜ್ ಅಂಗಡಿಗಳಾಗಿ ಮಾರ್ಪಟ್ಟಿದ್ದವು. ಅವುಗಳೊಡನೆ ಸಾರ್ವಜನಿಕ ಫೋನು ಎಂಬ ಕಲ್ಪನೆಯೂ ಹೋಯಿತು. ರೀಚಾರ್ಜಿಗೆ ದುಡ್ಡಿಲ್ಲದವನಿಗೆ, ಒಟಿಪಿ ಬರುವ ಫೋನು ಮಗನ ಜೊತೆ ಗೋವಾದಲ್ಲಿರುವ ಮುದುಕಿಗೆ ಇಂದು ಹಳದಿ ಬೋರ್ಡಿನ ಸ್ಥಾನದಲ್ಲಿ ಏನೂ ಇಲ್ಲ.

ಇದಕ್ಕೆ ಹಣದ ಕೊರತೆ ಕಾರಣವೆನ್ನಲಾಗದು. 2002ರ ಏಪ್ರಿಲ್‌ನಿಂದ ದೂರಸಂಪರ್ಕ ಕಂಪನಿಗಳ ಹೊಂದಾಣಿಕೆಯಾದ ಆದಾಯದ ಶೇಕಡ 5ರಷ್ಟು ಸಾರ್ವತ್ರಿಕ ಸೇವೆಗೆಂದು ಸಂಗ್ರಹವಾಗುತ್ತಿದೆ. ನಾವೆಲ್ಲ ಫೋನ್ ಬಿಲ್ಲಿನೊಡನೆ ತೆತ್ತ ಹಣ ಅದು. ಹಲವು ವರ್ಷ ಅದರ ದೊಡ್ಡ ಭಾಗ ಖರ್ಚಾಗದೆ ಉಳಿದಿತ್ತು. 2023ರ ದೂರಸಂಪರ್ಕ ಕಾಯ್ದೆ ಆ ನಿಧಿಗೆ ಡಿಜಿಟಲ್ ಭಾರತ್ ನಿಧಿ ಎಂದು ಹೊಸ ಹೆಸರಿಟ್ಟಿದೆ. ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆ ಎಳೆಯುವ, 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆಗೂ ಹಣ ಇಲ್ಲಿಂದಲೇ. ಪಂಚಾಯಿತಿ ಕಟ್ಟಡದವರೆಗೆ ಎಳೆ ಬರುವುದಕ್ಕೂ ಅಲ್ಲಿಂದಾಚೆ ಶಾಲೆ, ಉಪಕೇಂದ್ರ, ಮನೆಗಳಲ್ಲಿ ಅದು ಬಳಕೆಯಾಗುವುದಕ್ಕೂ ಇರುವ ದೂರ, ಮಾರ್ ಫೋನಿಗೂ ಅದರ ಮೇಲಿನ ಕಸೂತಿ ಬಟ್ಟೆಗೂ ಇದ್ದ ದೂರವನ್ನೇ ನೆನಪಿಸುತ್ತದೆ. ಪರಿಶೀಲನಾ ಸಭೆಯ ನಮೂನೆಯಲ್ಲಿ ‘ಕಳೆದ ವಾರ ಎಷ್ಟು ಗಂಟೆ ಕೆಲಸ ಮಾಡಿತು’ ಎಂಬ ಒಂದು ಅಂಕಣ ಸೇರಿಸಲು ಕೋಟಿಗಳು ಬೇಕಾಗಿಲ್ಲ.

ಮತ್ತೊಂದು ಸಂಗತಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಹಳೆಯ ತಾಮ್ರದ ಫೋನು ಊರಿಗೆ ಕರೆಂಟು ಹೋದಾಗಲೂ ಕೆಲಸ ಮಾಡುತ್ತಿತ್ತು. ಅದಕ್ಕೆ ಬೇಕಾದ 48 ವೋಲ್ಟ್ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ ಹರಿದು ಬರುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ತು ಹರಿಯದು. ಮನೆಯ ಡಬ್ಬಿಗೆ ಮನೆಯದೇ ಕರೆಂಟು ಬೇಕು. ಮೊಬೈಲ್ ಗೋಪುರದ ಬ್ಯಾಟರಿಗೂ ಡೀಸೆಲ್ಲಿಗೂ ಮಿತಿಯುಂಟು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ ತಾಲೂಕುಗಳ ದಂಡೆಯ ಊರುಗಳು ಜಲಾವೃತವಾದಂಥ ಸಂದರ್ಭಗಳಲ್ಲಿ ಮೊದಲು ಹೋಗುವುದು ಕರೆಂಟು, ಅದರ ಬೆನ್ನಿಗೆ ಗೋಪುರ. ಉಳಿದ ಗೋಪುರದ ಮೇಲೆ ಎಲ್ಲರೂ ಒಟ್ಟಿಗೆ ಕರೆ ಮಾಡುವುದರಿಂದ ಎರ್ಲಾಂಗನ ಸೂತ್ರ ಮತ್ತೆ ಎದ್ದು ನಿಲ್ಲುತ್ತದೆ.

ಈ ಕೊನೆಯ ತೊಡಕಿಗೆ ಒಂದು ಉತ್ತರ ಸಿದ್ಧವಿದೆ. 2023ರಲ್ಲಿ ನಮ್ಮೆಲ್ಲರ ಮೊಬೈಲುಗಳು ಒಮ್ಮೆಲೇ ವಿಚಿತ್ರ ಸದ್ದು ಮಾಡಿ ಬೆಚ್ಚಿಬೀಳಿಸಿದ್ದು ಓದುಗರಿಗೆ ನೆನಪಿರಬಹುದು. ಅದು ಸೆಲ್ ಬ್ರಾಡ್‌ಕಾಸ್ಟ್ ಎಂಬ ವಿಪತ್ತು ಎಚ್ಚರಿಕೆ ವ್ಯವಸ್ಥೆಯ ಪರೀಕ್ಷೆ. ರೂಪಿಸಿದ್ದು ಕಿತ್ತೂರಿನ ಪುಟ್ಟ ಎಕ್ಸ್‌ಚೇಂಜನ್ನು ಮಾಡಿದ ಅದೇ ಸಿ-ಡಾಟ್. ಗೋಪುರವು ಆಕಾಶವಾಣಿಯಂತೆ ಒಂದೇ ಸಂದೇಶವನ್ನು ತನ್ನ ವ್ಯಾಪ್ತಿಯ ಎಲ್ಲ ಫೋನುಗಳಿಗೂ ಏಕಕಾಲಕ್ಕೆ ಕೂಗಿ ಹೇಳುತ್ತದೆ. ಹತ್ತು ಜನ ಕೇಳಿದರೂ ಹತ್ತು ಸಾವಿರ ಜನ ಕೇಳಿದರೂ ಮಾರ್ಗ ಒಂದೇ ಸಾಕು, ಸರದಿಯ ಪ್ರಶ್ನೆಯೇ ಇಲ್ಲ. ಫೋನ್ ನಂಬರೂ ಬೇಡ, ಬ್ಯಾಲೆನ್ಸೂ ಬೇಡ. ಆದರೆ ಉಜನಿಯಿಂದ ನೀರು ಬಿಡುವ ನಿರ್ಧಾರವಾಗುವುದು ಮಹಾರಾಷ್ಟ್ರದಲ್ಲಿ; ಸಂದೇಶ ಮೊಳಗಬೇಕಾದದ್ದು ಕರ್ನಾಟಕದ ದಂಡೆಯ ಊರುಗಳಲ್ಲಿ, ಕನ್ನಡದಲ್ಲಿ, ಅದೂ ನೀರಿಗಿಂತ ಮೊದಲು. ಎರಡು ರಾಜ್ಯಗಳ ವಿಪತ್ತು ನಿರ್ವಹಣಾ ಪ್ರಾಧಿಕಾರಗಳು ಯಾವ ಮಟ್ಟದ ಹೊರಹರಿವಿಗೆ ಯಾರು, ಯಾವ ಗೋಪುರಗಳಿಗೆ, ಎಷ್ಟು ನಿಮಿಷದೊಳಗೆ ಸಂದೇಶ ಕೊಡಬೇಕೆಂಬುದನ್ನು ಮುಂಗಾರಿಗೆ ಮೊದಲೇ ಲಿಖಿತವಾಗಿ ನಿಗದಿಪಡಿಸಿ, ಮೇ ತಿಂಗಳಲ್ಲೊಮ್ಮೆ ಪರೀಕ್ಷಿಸಿ ನೋಡಬೇಕು. ನದಿದಂಡೆಯ ಗೋಪುರಗಳಿಗೆ ಕನಿಷ್ಠ ಎರಡು ದಿನದ ಬ್ಯಾಟರಿ ಇಡಿಸಲು ಸಾರ್ವತ್ರಿಕ ಸೇವೆಗೆಂದು ನಾವು ತೆತ್ತ ಹಣವಿದೆ.